ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಕೊಡಗಿನ ಅಡುಗೆ: ನಿಮ್ಮ ಅನುಭವ ಹೇಳಿ

ಕೇಳಿದವರು, ಮಡಿಕೇರಿ:
ನಾನು ಮೈಸೂರಿನವಳು, ಮದುವೆಯಾಗಿ ಇಲ್ಲಿಗೆ ಬಂದೆ. ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಮೂರನೇ ಕ್ಲಾಸಿನ ಮಗಳಿಗೆ ಸಂಜೆಯಾದರೆ ಗೋಬಿ ಮಂಚೂರಿ ಬೇಕು, ಅದೂ ಕೆಂಪಗಿದ್ದರೆ ಮಾತ್ರ. ಊರಿಗೆ ಹೋದಾಗ ಅತ್ತೆ ಅಕ್ಕಿ ತರಿಯಿಂದ ಹಬೆಯಲ್ಲಿ ಬೇಯಿಸಿ ಮಾಡುವ ಕಡಂಬುಟ್ಟು (ಉಂಡೆ), ಪಾಪುಟ್ಟು (ತಟ್ಟೆಯಲ್ಲಿ ಹುಯ್ದದ್ದು) ಅಂದರೆ ಅವಳಿಗೆ ಪ್ರಾಣ. ಇಲ್ಲಿ ನನಗೆ ಸಮಯವೇ ಸಿಗುವುದಿಲ್ಲ. ಶುಕ್ರವಾರದ ಸಂತೆಯಲ್ಲಿ ಕಣಿಲೆ, ಅಂದರೆ ಎಳೆ ಬಿದಿರು, ಬಂದಿದೆ, ಕೊಳ್ಳಲು ಭಯ. ನೀವೆಲ್ಲ ಹೇಗೆ ನಿಭಾಯಿಸ್ತೀರಿ?

ವಿರಾಜಪೇಟೆಯಿಂದ:
ಕಣಿಲೆ ಧೈರ್ಯವಾಗಿ ತಗೊಳ್ಳಿ ಅಕ್ಕ, ಅವಸರ ಮಾತ್ರ ಮಾಡಬೇಡಿ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಸಿಪ್ಪೆ ಬಿಡಿಸಿ, ತೆಳ್ಳಗೆ ಹೆಚ್ಚಿ, ನೀರಲ್ಲಿ ಮುಳುಗಿಸಿಡಿ. ದಿನಾ ನೀರು ಬದಲಿಸಿ. ಮೂರನೇ ದಿನ ಚೆನ್ನಾಗಿ ಬೇಯಿಸಿ, ಬೇಯಿಸಿದ ನೀರನ್ನೂ ಬಸಿದು, ಆಮೇಲೆ ಸಾರಿಗೆ ಹಾಕಿ. ನೆನೆಸಿದ ನೀರನ್ನು ದನಕರು ಬಾಯಿ ಹಾಕದ ಕಡೆ ಚೆಲ್ಲಬೇಕು ಅಂತ ನಮ್ಮಜ್ಜಿ ಕಟ್ಟುನಿಟ್ಟಾಗಿ ಹೇಳುತ್ತಿದ್ದರು. ಕಾಡಿನಿಂದ ಕಡಿದು ತಂದದ್ದು ಬೇಡ, ತೋಟದ ಬಿದಿರಿನದ್ದೇ ಅಂತ ವಿಚಾರಿಸಿ ಕೊಳ್ಳಿ.

ಗೋಣಿಕೊಪ್ಪದಿಂದ:
ತಂಗಿ, ನಮ್ಮ ಮನೆಯಲ್ಲಿ ವಾರವಿಡೀ ಅಡುಗೆ ನಡೆಯುವುದು ಒಂದು ಡಬ್ಬಿ ಅಕ್ಕಿ ತರಿಯಿಂದ. ಭಾನುವಾರ ಅಕ್ಕಿ ತೊಳೆದು, ಬಟ್ಟೆ ಮೇಲೆ ಹರವಿ ಆರಿಸಿ, ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಸಣ್ಣ ರವೆಯ ಹಾಗೆ ಬರಬೇಕು, ಹಿಟ್ಟಾದರೆ ಪಾಪುಟ್ಟು ಅಂಟಂಟಾಗುತ್ತದೆ. ಮಳೆಗಾಲದಲ್ಲಿ ಅಕ್ಕಿ ಬೇಗ ಆರುವುದಿಲ್ಲ, ಫ್ಯಾನಿನ ಕೆಳಗೆ ಹಾಕಿ, ಇಲ್ಲವೇ ಬಾಣಲೆಯಲ್ಲಿ ತುಸು ಬೆಚ್ಚಗೆ ಮಾಡಿ. ತೇವ ಉಳಿದರೆ ಮುಗ್ಗಲು ಹಿಡಿಯುತ್ತದೆ.

ಕೆಲಸದ ದಿನಕ್ಕೆ ಪಾಪುಟ್ಟೇ ಸುಲಭ. ಒಂದು ಲೋಟ ತರಿಗೆ ಒಂದು ಲೋಟ ಹಾಲು, ಒಂದು ಲೋಟ ನೀರು, ಕಾಯಿತುರಿ, ಉಪ್ಪು. ಸ್ವಲ್ಪ ಹೊತ್ತು ನೆನೆಯಲಿ. ತಟ್ಟೆಗೆ ಹುಯ್ಯುವ ಮುಂಚೆ ಒಮ್ಮೆ ಕದಡಿ, ತರಿ ತಳಕ್ಕೆ ಕೂತಿರುತ್ತದೆ. ಇಡ್ಲಿ ಪಾತ್ರೆಯಲ್ಲಿ ಬೇಯಲು ಇಟ್ಟು ನೀವು ಬೇರೆ ಕೆಲಸ ನೋಡಿಕೊಳ್ಳಬಹುದು. ಕಡಂಬುಟ್ಟಿಗೆ ತರಿಯನ್ನು ಕುದಿನೀರಲ್ಲಿ ಮಗುಚಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ಉಂಡೆ ಕಟ್ಟಿ ಮತ್ತೆ ಹಬೆಯಲ್ಲಿ ಬೇಯಿಸಬೇಕು. ಅದನ್ನು ರಜೆಗೆ ಇಟ್ಟುಕೊಳ್ಳಿ, ಉಂಡೆ ಕಟ್ಟುವ ಕೆಲಸ ಮಗಳಿಗೇ ಕೊಡಿ. ತಾವೇ ಕಟ್ಟಿದ್ದನ್ನು ಮಕ್ಕಳು ಬಿಡುವುದಿಲ್ಲ.

ಸೋಮವಾರಪೇಟೆಯಿಂದ:
ಆ ಕೆಂಪು ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ, ನನಗೆ ಅದೇ ದೊಡ್ಡ ಚಿಂತೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧ ಹೇರಿದೆ. ಬಣ್ಣದ ಬಾಂಬೆ ಮಿಠಾಯಿಗೂ ಆಗಲೇ, ಕಬಾಬ್‌ಗೆ ಜೂನ್‌ನಲ್ಲಿ. ಪರೀಕ್ಷೆ ಮಾಡಿದಾಗ ಸಿಕ್ಕಿದ್ದರಲ್ಲಿ ರೋಡಮೈನ್-ಬಿ ಕೂಡ ಇತ್ತು, ಬಟ್ಟೆಗೆ ಹಾಕುವ ಬಣ್ಣ ಅದು. ಹಾಗಾಗಿ ಗಾಡಿಯಲ್ಲಿ ಇನ್ನೂ ಕೆಂಪಗೆ ಹೊಳೆಯುತ್ತಿದ್ದರೆ ಮಗುವಿಗೆ ಕೊಡಿಸಲೇಬೇಡಿ. ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ಅರೆದು ಹಾಕಿ. ಖಾರ ಕಮ್ಮಿ, ಬಣ್ಣ ಸಾಕಷ್ಟು.

ಬಣ್ಣ ಇಷ್ಟಪಡುವ ಮಗುವಿಗೆ ಆಗಸ್ಟ್ 3ಕ್ಕೆ, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನಕ್ಕೆ, ಮದ್ದು ಸೊಪ್ಪಿನ (ಇಲ್ಲಿನ ಒಂದು ಔಷಧಿ ಗಿಡದ ಎಲೆ) ಪಾಯಸ ಮಾಡಿ. ಸೊಪ್ಪು ಕುದಿಸಿ ಸೋಸಿದ ನೀರು ಕಡುನೇರಳೆ ಇರುತ್ತದೆ, ಅದರಲ್ಲೇ ಅಕ್ಕಿ ಬೇಯಿಸಿ ಬೆಲ್ಲ, ಕಾಯಿಹಾಲು ಹಾಕುವುದು. ಉಂಡ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ಮಗು ಹೆದರದ ಹಾಗೆ ಮೊದಲೇ ಹೇಳಿಡಿ.