ಕಷ್ಟದಲ್ಲೂ ಸಂತೃಪ್ತಿ ಇರಬೇಕು ಅಂತಾರೆ, ನನಗಿಲ್ಲ. ಹಾಗಾದರೆ ನನ್ನದು ನಿಜವಾದ ವಿಶ್ವಾಸ ಅಲ್ವಾ?

ಬೆಟಗೇರಿ_ಮಗಳು:

ಎಲ್ಲರಿಗೂ ವಂದನೆಗಳು. ಇದನ್ನು ನಮ್ಮ ಚರ್ಚ್ ಸಭೆಯಲ್ಲಿ ಕೇಳುವುದಕ್ಕೆ ಧೈರ್ಯ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾವು ಗದಗ ಕಡೆಯವರು, ಈಗ ಬೆಂಗಳೂರಿನಲ್ಲಿದ್ದೇವೆ. ಮುತ್ತಜ್ಜನ ಕಾಲದಿಂದ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಷನ್) ಸಭೆಯವರು. ಅಂದರೆ ವಿಶ್ವಾಸ ನನಗೆ ಹೊಸದೇನಲ್ಲ.

ಯಜಮಾನರ ಕೆಲಸ ಹೋಗಿ ತುಂಬಾ ತಿಂಗಳಾಯಿತು. ಮಾವನಿಗೆ ಡಯಾಲಿಸಿಸ್ ನಡೆಯುತ್ತಿದೆ. ನನ್ನ ಒಂದು ಸಂಬಳದಲ್ಲೇ ಬಾಡಿಗೆ, ಆಸ್ಪತ್ರೆ, ಮಗಳ ಫೀಸು ಎಲ್ಲಾ ಆಗಬೇಕು. ಒಡವೆ ಅಡ ಇಟ್ಟಾಗಿದೆ.

ದುಡ್ಡಿನ ಕಷ್ಟವನ್ನು ಹೇಗೋ ತಡೆದುಕೊಳ್ಳಬಹುದು. ಆದರೆ ಭಾನುವಾರ ಬಂದರೆ ಭಯ ಆಗುತ್ತದೆ. ದೇವರು ಮಾಡಿದ್ದನ್ನು ಎಲ್ಲರ ಮುಂದೆ ಸಾಕ್ಷಿ ಹೇಳುವ ಸಮಯದಲ್ಲಿ ಎದ್ದು ನಿಂತು "ದೇವರು ಒಳ್ಳೆಯವನು, ಯಾವುದಕ್ಕೂ ಕೊರತೆ ಮಾಡಿಲ್ಲ" ಅಂತೇನೆ, ಒಳಗೆ ಮಾತ್ರ ಬೆಂಕಿ. ಒಬ್ಬ ಹಿರಿಯ ವಿಶ್ವಾಸಿ "ಪೌಲನು ಸೆರೆಮನೆಯಲ್ಲೂ ಸಂತೋಷವಾಗಿದ್ದ, ನಿಮಗೆ ವಿಶ್ವಾಸ ಸಾಲದು ಸಿಸ್ಟರ್" ಅಂದರು. ಹೊರಗಿನಿಂದ ಬಂದಿದ್ದ ಒಬ್ಬ ಬೋಧಕರು ಬೀಜ ಕಾಣಿಕೆ ಹಾಕಿ, ದೇವರು ನೂರು ಪಟ್ಟು ತಿರುಗಿಸಿ ಕೊಡುತ್ತಾನೆ ಅಂದರು. ಹಾಕಿದ್ದೂ ಆಯಿತು. ಏನೂ ಬದಲಾಗಲಿಲ್ಲ.

ರಾತ್ರಿ ಪ್ರಾರ್ಥನೆಗೆ ಕೂತರೆ ಬರುವುದು ಸಿಟ್ಟು ಮಾತ್ರ. ನಿಮ್ಮಲ್ಲಿ ಯಾರಿಗಾದರೂ ಇಂಥ ಸಮಯದಲ್ಲಿ ನಿಜವಾದ ನೆಮ್ಮದಿ ಸಿಕ್ಕಿದೆಯಾ? ಇಲ್ಲ, ಎಲ್ಲರೂ ನನ್ನ ಹಾಗೆ ಸುಮ್ನೆ ನಗುತ್ತಿದ್ದೀರಾ?

ಕುಡ್ಲದ_ಅಂಕಲ್:

ಮಗಳೇ, ಮೊದಲು ಆ ಹಿರಿಯರು ಹೇಳಿದ ಪೌಲನ ವಿಷಯಕ್ಕೇ ಬರೋಣ. ಅಪೊಸ್ತಲ ಪೌಲ ಬರೆದ, ಬೈಬಲ್‌ನಲ್ಲಿರುವ ಆ ಪತ್ರಿಕೆಯನ್ನು, ಅಂದರೆ ಪತ್ರವನ್ನು, ಅವರು ಪೂರ್ತಿ ಓದಿಲ್ಲ ಅಂತ ನನ್ನ ಗುಮಾನಿ.

ಎಲ್ಲರೂ ಎತ್ತಿ ಹೇಳುವುದು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ 4ನೇ ಅಧ್ಯಾಯ, 11ರಿಂದ 13ನೇ ವಚನ. ಯಾವ ಸ್ಥಿತಿಯಲ್ಲಿದ್ದರೂ ತೃಪ್ತನಾಗಿರುವುದನ್ನು ಕಲಿತಿದ್ದೇನೆ ಅಂತಾನೆ ಪೌಲ. ಕಲಿತಿದ್ದೇನೆ ಅಂತಾನೆ, ನೋಡಿ. ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತನಾದ ದಿನವೇ ಅವನಿಗೆ ಅದು ಬಂದಿರಲಿಲ್ಲ. ಇನ್ನು ಅದೇ ಪತ್ರಿಕೆಯ 2ನೇ ಅಧ್ಯಾಯದ ಕೊನೆ ಓದಿ. ಫಿಲಿಪ್ಪಿ ಸಭೆಯವರು ಎಪಫ್ರೊದೀತ ಎಂಬವನ ಕೈಯಲ್ಲಿ ಪೌಲನಿಗೆ ಸಹಾಯ ಕಳಿಸಿರುತ್ತಾರೆ. ಅವನು ಕಾಯಿಲೆ ಬಿದ್ದು ಸಾಯುವ ಹಾಗೆ ಆಗುತ್ತಾನೆ. ಆಗ ಪೌಲ "ಎಲ್ಲಾ ದೇವರ ಚಿತ್ತ" ಅಂತ ಕೈ ತೊಳೆದುಕೊಳ್ಳುವುದಿಲ್ಲ. ಅವನು ಬದುಕಿದ್ದರಿಂದ ನನಗೆ ದುಃಖದ ಮೇಲೆ ದುಃಖ ಬರುವುದು ತಪ್ಪಿತು, ಅವನನ್ನು ನಿಮ್ಮ ಹತ್ತಿರ ಕಳಿಸಿದರೆ ನನ್ನ ದುಃಖವೂ ಕಡಿಮೆಯಾಗುತ್ತದೆ ಅಂತ ಬರೆಯುತ್ತಾನೆ. ಅಂದರೆ ಮೊದಲೇ ಒಂದು ದುಃಖ ಇತ್ತು ಅಂತಾಯಿತಲ್ಲ. ಯಾವುದಕ್ಕೂ ಚಿಂತೆ ಮಾಡಬೇಡಿ ಅಂತ 4ನೇ ಅಧ್ಯಾಯದಲ್ಲಿ ಬರೆದ ಅದೇ ಮನುಷ್ಯ ಇವನು!

ಇನ್ನೊಂದು ಮಾತು. ತೃಪ್ತನಾಗಿದ್ದೇನೆ ಅಂದ ಮೇಲೂ, ನೀವು ನನ್ನ ಕಷ್ಟದಲ್ಲಿ ಪಾಲು ತೆಗೆದುಕೊಂಡದ್ದು ಒಳ್ಳೆಯದಾಯಿತು ಅಂತಾನೆ 14ರಲ್ಲಿ. ಕಳಿಸಿದ್ದನ್ನು ಬೇಡ ಅನ್ನಲಿಲ್ಲ. ಕಳಿಸಿದವರೂ ಶ್ರೀಮಂತರಲ್ಲ. ಮಕೆದೋನ್ಯದ ಸಭೆಗಳು ತೀರಾ ಬಡತನದಲ್ಲಿದ್ದವು ಅಂತ 2 ಕೊರಿಂಥ (ಕೊರಿಂಥದವರಿಗೆ ಬರೆದ ಎರಡನೇ ಪತ್ರಿಕೆ) 8ರಲ್ಲಿ ಅವನೇ ಬರೆದಿದ್ದಾನೆ, ಫಿಲಿಪ್ಪಿ ಇದ್ದದ್ದು ಆ ಮಕೆದೋನ್ಯದಲ್ಲೇ. ಈಗ ಹೇಳಿ, ನಿಮ್ಮ ಸಭೆಯಲ್ಲಿ ನಿಮ್ಮ ಮನೆಯ ನಿಜ ಸ್ಥಿತಿ ಎಷ್ಟು ಜನಕ್ಕೆ ಗೊತ್ತು? ಕೊರತೆ ಇಲ್ಲ ಅಂತ ನೀವೇ ಎದ್ದು ಹೇಳಿದರೆ ಅವರು ಏನಂತ ಪಾಲು ತೆಗೆದುಕೊಳ್ಳಬೇಕು?

ಲೆಕ್ಕದ_ಮನುಷ್ಯ:

ಅಂಕಲ್ ಹೇಳಿದ್ದು ಸರಿ. ನಾನು ದುಡ್ಡಿನ ಮಾತು ಆಡುತ್ತೇನೆ.

ಬೀಜ ಕಾಣಿಕೆ ಇವತ್ತೇ ನಿಲ್ಲಿಸಿ. ಅವರು ಹಿಡಿದುಕೊಳ್ಳುವುದು 2 ಕೊರಿಂಥ 9ನೇ ಅಧ್ಯಾಯದ ಬಿತ್ತುವ, ಕೊಯ್ಯುವ ಮಾತನ್ನು. ಆ ಹಣ ಯಾರಿಗೆ ಹೋಗುತ್ತಿತ್ತು ಅಂತ ಕೇಳಿದರೆ ಮಾತ್ರ ಉತ್ತರ ಇಲ್ಲ. ಅದು ಜೆರುಸಲೇಮಿನ ಬಡ ವಿಶ್ವಾಸಿಗಳಿಗೋಸ್ಕರ ಎತ್ತುತ್ತಿದ್ದ ಹಣ. ಬೋಧಕರ ಜೇಬಿಗಲ್ಲ, ಕೂಟದ ಪೆಂಡಾಲಿಗೂ ಅಲ್ಲ. ಒತ್ತಾಯಕ್ಕೆ ಕೊಡಬೇಡಿ ಅಂತಲೂ ಅಲ್ಲೇ ಮುಂದಿನ ವಚನದಲ್ಲಿದೆ. ಮಾರ್ಕನ ಸುವಾರ್ತೆ 7ನೇ ಅಧ್ಯಾಯವನ್ನೂ ನೋಡಿ. ಇದು ದೇವರಿಗೆ ಕೊಟ್ಟ ಕಾಣಿಕೆ ಅಂತ ಹೇಳಿ ತಂದೆತಾಯಿಗೆ ಸಹಾಯ ಮಾಡದೆ ತಪ್ಪಿಸಿಕೊಳ್ಳುವವರನ್ನು ಯೇಸು ನೇರವಾಗಿ ಬೈದಿದ್ದಾನೆ. ನಿಮ್ಮ ಮಾವನ ಔಷಧಿ ದುಡ್ಡು ಕಾಣಿಕೆ ಚೀಲಕ್ಕೆ ಹೋಗಬೇಕು ಅಂತ ಹೇಳುವವರು ಈ ಅಧ್ಯಾಯ ಓದಿಕೊಂಡು ಬರಲಿ.

ಡಯಾಲಿಸಿಸ್ ಖಾಸಗಿಯಲ್ಲಿ ಮಾಡಿಸುತ್ತಿದ್ದೀರಾ? 2016ರಲ್ಲಿ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರು ಮಾಡಿತು, ಅದರಲ್ಲಿ ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಬಿಪಿಎಲ್ ಕಾರ್ಡ್ ಇದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಸರದಿ ಸಿಗುವುದು ಕಷ್ಟ ಆಗಬಹುದು, ಆದರೂ ಹೆಸರು ಬರೆಸಿ. ಇದನ್ನೆಲ್ಲಾ ಯಾಕೆ ಹೇಳುತ್ತಿದ್ದೇನೆ ಅಂದರೆ, ತಿಂಗಳ ಕೊನೆಗೆ ಕೈಯಲ್ಲಿ ನಾಲ್ಕು ಕಾಸು ಉಳಿದರೆ ರಾತ್ರಿಯ ಪ್ರಾರ್ಥನೆಯೂ ಸ್ವಲ್ಪ ಬೇರೆ ಥರ ಇರುತ್ತದೆ.

ಹಿಂದಿನ_ಬೆಂಚು:

ನಾನು ಚರ್ಚ್ ಬಿಟ್ಟವನು, ಆದರೂ ಬರೆಯುತ್ತೇನೆ, ಬೈಯಬೇಡಿ. ಸಂತೃಪ್ತಿ ಅನ್ನುವುದನ್ನು ಯಾವಾಗಲೂ ಇಲ್ಲದವರಿಗೇ ಯಾಕೆ ಬೋಧಿಸುತ್ತಾರೆ? ಎರಡು ಕಾರು ಇರುವ ಹಿರಿಯರಿಗೆ "ಇದ್ದುದರಲ್ಲಿ ತೃಪ್ತಿ ಪಡಿ ಅಣ್ಣಾ" ಅಂತ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಕೆಲಸ ಹೋದರೆ ತೃಪ್ತಿ ಪಡು, ಗಂಡ ಹೊಡೆದರೆ ತೃಪ್ತಿ ಪಡು. ಅಕ್ಕ, ನಿಮ್ಮ ಸಿಟ್ಟು ನ್ಯಾಯವಾದದ್ದು. ಅದನ್ನು ನುಂಗುವುದಕ್ಕೆ ಬೈಬಲ್ ವಚನ ಹುಡುಕಬೇಡಿ.

ಮಲೆನಾಡ_ಟೀಚರ್:

@ಹಿಂದಿನ_ಬೆಂಚು ಬೈಯುವುದಿಲ್ಲ ತಮ್ಮಾ, ಅರ್ಧ ಒಪ್ಪುತ್ತೇನೆ. ಆದರೆ ತೃಪ್ತಿ ಅಂದರೆ ಬಾಯಿ ಮುಚ್ಚಿಕೊಂಡಿರುವುದು ಅಂತ ನೀವೂ ನಂಬಿಬಿಟ್ಟಿದ್ದೀರಿ, ಆ ಬೋಧಕರ ಹಾಗೆಯೇ.

ಹೆಣ್ಣುಮಕ್ಕಳಿಗೋಸ್ಕರ ದುಡಿದ ಪಂಡಿತಾ ರಮಾಬಾಯಿಯವರನ್ನೇ ನೋಡಿ. ಅವರು ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ತಂದೆ ಅನಂತಶಾಸ್ತ್ರಿಗಳು ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ವಿರೋಧ ಕಟ್ಟಿಕೊಂಡವರು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಎಲ್ಲರೂ ಹೋದರು. ಉಳಿದ ಅಣ್ಣನ ಜೊತೆ ಊರೂರು ಅಲೆಯುತ್ತಾ 1878ರಲ್ಲಿ ಕಲ್ಕತ್ತಾ ಸೇರಿದರು. ಆಮೇಲೆ ಅಣ್ಣನೂ ತೀರಿಕೊಂಡ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರಲ್ಲಿ, ಗಂಡನೂ ಹೋದ. ಕೈಯಲ್ಲಿ ಹಸುಗೂಸು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ಸರಿ, ಇನ್ನು ನೆಮ್ಮದಿ ಅಂತ ನಾವು ಕಥೆ ಮುಗಿಸುತ್ತೇವೆ. ಅವರು ಮುಗಿಸಲಿಲ್ಲ. ದೀಕ್ಷಾಸ್ನಾನ ಆಗಿ ಸುಮಾರು ಎಂಟು ವರ್ಷದ ತನಕ ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತ ಇನ್ನೂ ಸಿಕ್ಕಿರಲಿಲ್ಲ ಅನ್ನುವ ಅರ್ಥದಲ್ಲಿ ಆಮೇಲೆ ತಮ್ಮ ಸಾಕ್ಷಿಯಲ್ಲಿ ಬರೆದುಕೊಂಡರು. ಅಷ್ಟು ವರ್ಷ ಸಭೆಯ ದೊಡ್ಡವರ ಜೊತೆ ಸಿದ್ಧಾಂತದ ಬಗ್ಗೆ ವಾದವೂ ಮಾಡಿದರು, ಹೇಳಿದ್ದಕ್ಕೆಲ್ಲಾ ತಲೆ ಆಡಿಸಲಿಲ್ಲ. ಆ ನೆಮ್ಮದಿ ಸಿಕ್ಕಿದ ಮೇಲೆಯಾದರೂ ಸುಮ್ಮನೆ ಕೂತರಾ? 1896-97ರ ಬರಗಾಲದಲ್ಲಿ ಮಧ್ಯ ಪ್ರಾಂತ್ಯಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದರು, ಪುಣೆ ಹತ್ತಿರದ ಕೇಡಗಾಂವದಲ್ಲಿ ಮುಕ್ತಿ ಮಿಷನ್ ಕಟ್ಟಿದರು. ಹಸಿವು ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬೆಟಗೇರಿ ಮಗಳೇ, ನಿಮ್ಮ ಸಿಟ್ಟಿನ ಬಗ್ಗೆ. ಬೈಬಲ್‌ನ ಕೀರ್ತನೆ 88 ಓದಿದ್ದೀರಾ? ಸಭೆಯಲ್ಲಿ ಅದನ್ನು ಓದುವುದು ಕಡಿಮೆ, ಯಾಕೆಂದರೆ ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಯಲ್ಲಿ ಸ್ತೋತ್ರ ಇಲ್ಲ, ಹಲ್ಲೆಲೂಯ ಇಲ್ಲ. ಆದರೂ ಅದು ಪ್ರಾರ್ಥನೆಯೇ. ದೂರು ದೇವರ ಹತ್ತಿರವೇ ಹೋಗುತ್ತಿದೆ, ಬೇರೆ ಎಲ್ಲಿಗೂ ಅಲ್ಲ. ಸಿಟ್ಟು ಬಂದರೂ ರಾತ್ರಿ ಕೂರುತ್ತೀರಲ್ಲ, ನನಗೆ ಅದು ನಿಮ್ಮ ಭಾನುವಾರದ ಸಾಕ್ಷಿಗಿಂತ ಜಾಸ್ತಿ ನಿಜವಾದ ವಿಶ್ವಾಸ ಅನಿಸುತ್ತದೆ. ಪ್ರವಾದಿ ಎಲೀಯ ಸಾಕಪ್ಪಾ ನನ್ನ ಜೀವ ತೆಗೆದುಕೋ ಅಂದಾಗ ದೇವರು ಬೋಧನೆ ಮಾಡಲಿಲ್ಲ. ಮಲಗಲು ಬಿಟ್ಟ. ದೂತನ ಕೈಯಲ್ಲಿ ರೊಟ್ಟಿ, ನೀರು ಕೊಡಿಸಿದ, ಅದೂ ಎರಡು ಸಲ. ನೀವು ಸರಿಯಾಗಿ ಊಟ, ನಿದ್ದೆ ಮಾಡುತ್ತಿದ್ದೀರಾ?

ಹಿಂದಿನ_ಬೆಂಚು:

ರಮಾಬಾಯಿ ಬಗ್ಗೆ ಶಾಲೆಯಲ್ಲಿ ಎರಡು ಸಾಲು ಓದಿದ್ದೆ ಅಷ್ಟೇ. ಚರ್ಚ್‌ಗೆ ವಾಪಸ್ ಬರುತ್ತೇನೆ ಅಂತಲ್ಲ ಟೀಚರ್, ಆದರೆ ಹುಡುಕಿ ಓದುತ್ತೇನೆ.

ಬೆಟಗೇರಿ_ಮಗಳು:

ಎಲ್ಲರಿಗೂ ಥ್ಯಾಂಕ್ಸ್. ಊಟ ನಿದ್ದೆ ಕೇಳಿದ್ದನ್ನು ಓದಿ ಅಳು ಬಂತು, ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಸಿಟ್ಟು ಇನ್ನೂ ಇದೆ. ಕೀರ್ತನೆ 88 ಯಜಮಾನರಿಗೆ ಓದಿ ಹೇಳಿದೆ, "ಇದೂ ಬೈಬಲ್‌ನಲ್ಲಿ ಇದೆಯಾ?" ಅಂದರು.

ಅಂಕಲ್, ಒಂದು ಪ್ರಶ್ನೆ. ನಿಜ ಸ್ಥಿತಿ ಹೇಳಿ ಅಂದಿರಲ್ಲ, ಬುಧವಾರದ ಪ್ರಾರ್ಥನಾ ಕೂಟದಲ್ಲಿ ಎಲ್ಲರ ಮುಂದೆ ಹೇಳಲಾ?

ಕುಡ್ಲದ_ಅಂಕಲ್:

ಕೂಟದಲ್ಲಿ ಬೇಡ ಮಗಳೇ! ಪ್ರಾರ್ಥನಾ ವಿಷಯ ಅಂತ ಹೇಳಿದ್ದು ಗುರುವಾರ ಬೆಳಿಗ್ಗೆ ಊರ ಸುದ್ದಿ ಆಗಿರುತ್ತದೆ, ಎಲ್ಲಾ ಸಭೆಯಲ್ಲೂ ಇದೇ ಕಥೆ. ನಿಮ್ಮ ಸಭಾಪಾಲಕರನ್ನೂ ಅವರ ಮನೆಯವರನ್ನೂ ಒಂದು ಸಂಜೆ ಮನೆಗೆ ಕರೆಯಿರಿ, ಯಜಮಾನರೂ ಜೊತೆಗಿರಲಿ. ಬಾಡಿಗೆ ಎಷ್ಟು, ಸಾಲ ಎಷ್ಟು ಅಂತ ಅಂಕಿ ಸಮೇತ ಹೇಳಿ. ಬಡವರ ನಿಧಿ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ನಿಮ್ಮ ಮುತ್ತಜ್ಜನ ಕಾಲದಿಂದ ನಿಮ್ಮವರ ಕಾಣಿಕೆ ಆ ಚೀಲಕ್ಕೆ ಬಿದ್ದಿದೆ, ಕೇಳುವುದಕ್ಕೆ ನಾಚಿಕೆ ಏಕೆ? ಮುಂದಿನ ಭಾನುವಾರ ಸಾಕ್ಷಿಗೆ ಕರೆದರೆ "ಈ ವಾರ ಬೇಡ" ಅಂದರೆ ಸಾಕು.

ಲೆಕ್ಕದ_ಮನುಷ್ಯ:

ಯಜಮಾನರು ಯಾವ ಲೈನಿನಲ್ಲಿ ಕೆಲಸ ಮಾಡುತ್ತಿದ್ದರು, ಎಷ್ಟು ವರ್ಷದ ಅನುಭವ ಅಂತ ನನಗೆ ಮೆಸೇಜ್ ಮಾಡಿ. ಪೀಣ್ಯ ಕಡೆ ಇಬ್ಬರು ಮೂವರು ಪರಿಚಯದವರಿದ್ದಾರೆ, ಕೇಳಿ ನೋಡುತ್ತೇನೆ. ಭರವಸೆ ಕೊಡುತ್ತಿಲ್ಲ, ಕೇಳುತ್ತೇನೆ ಅಷ್ಟೇ.