ಸಹಾಯ ಬೇಕು: ಬಣ್ಣ ಬಿಡದ ಬ್ಯಾಗ್ ಬಟ್ಟೆ

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಮನೆಯಲ್ಲೇ ಬ್ಯಾಗ್ ಹೊಲಿಯುತ್ತೇನೆ. ಕಳೆದ ಮಳೆಗಾಲದಲ್ಲಿ ನನ್ನ ಮೆರೂನ್ ಕ್ಯಾನ್ವಾಸ್ ಬ್ಯಾಗ್ ಒದ್ದೆಯಾಗಿ ಗಿರಾಕಿಯೊಬ್ಬರ ಬಿಳಿ ಕುರ್ತಾಗೆ ಬಣ್ಣ ಹತ್ತಿತು. ದುಡ್ಡು ವಾಪಸ್ ಕೊಟ್ಟೆ, ಮರ್ಯಾದೆ ಮಾತ್ರ ವಾಪಸ್ ಬರಲಿಲ್ಲ.

ಈಗ ಪ್ರತಿ ಬಟ್ಟೆಯನ್ನೂ ಪರೀಕ್ಷೆ ಮಾಡುತ್ತೇನೆ. ಒದ್ದೆ ಬಿಳಿ ಬಟ್ಟೆಯಿಂದ 10 ಸಲ ಉಜ್ಜುತ್ತೇನೆ. 20 ಸೆಂ.ಮೀ. ಚೌಕ ಕತ್ತರಿಸಿ, ಒಗೆದು, ಒಣಗಿಸಿ, ಮತ್ತೆ ಅಳೆಯುತ್ತೇನೆ. ಅರ್ಧ ತುಂಡಿಗೆ ರಟ್ಟು ಮುಚ್ಚಿ ಎರಡು ವಾರ ಟೆರೇಸ್ ಬಿಸಿಲಿಗೆ ಇಡುತ್ತೇನೆ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತಾರಲ್ವಾ, ಅದು ಸುಮ್ನೆ. ನನಗೆ ಒಮ್ಮೆಯೂ ಆಗಿಲ್ಲ.

ಹತ್ತಿ ಕ್ಯಾನ್ವಾಸ್ ಬಿಡಲು ಮನಸ್ಸಿಲ್ಲ, ಆದರೆ ನಮ್ಮ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ಕ್ರೀಮ್ ಬಣ್ಣದಲ್ಲಂತೂ ಕಪ್ಪು ಚುಕ್ಕೆ ಎದ್ದು ಕಾಣುತ್ತದೆ. ನೈಲಾನ್ ಉಜ್ಜಾಟ ತಡೆಯುತ್ತದೆ, ಬಿಸಿಲಿಗೆ ಪಾಲಿಯೆಸ್ಟರೇ ಜಾಸ್ತಿ ಬಾಳುತ್ತದೆ. ಆದರೆ ಇವುಗಳ ಒಳಗೆ ನೀರು ತಡೆಯಲು ಹಚ್ಚುವ ಪಿಯು (ಪಾಲಿಯುರೆಥೇನ್) ಲೇಪನ ಈ ಹವೆಗೆ ಕೆಲವು ವರ್ಷಗಳಲ್ಲಿ ಅಂಟಂಟಾಗುತ್ತದೆ.

ನೂಲು ತೆಗೆಯುವ ಮೊದಲೇ ಬಣ್ಣ ಬೆರೆಸಿದ ಪಾಲಿಯೆಸ್ಟರ್ ಬಟ್ಟೆ ಮಂಗಳೂರಲ್ಲಿ ಎಲ್ಲಿ ಸಿಗುತ್ತದೆ? ಹಂಪನಕಟ್ಟೆ ಕಡೆ ಕೇಳಿದೆ, ಪೂರ್ತಿ ರೋಲ್ ತಗೊಳ್ಳಿ ಅಂದರು. ನನಗೆ ಬೇಕಾದದ್ದು ಬಣ್ಣಕ್ಕೆ 5 ಮೀಟರ್ ಅಷ್ಟೇ. ಜೊತೆಗೆ 10 ಔನ್ಸ್, ಅಂದರೆ ಸುಮಾರು 340 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕ) ಕ್ಯಾನ್ವಾಸನ್ನು ಮೊದಲೇ ಒಗೆದು ಹೊಲಿಯುವವರು ಇದ್ದರೆ, ಎಷ್ಟು ಕುಗ್ಗಿತು ಹೇಳಿ. ನನ್ನದು ಉದ್ದಕ್ಕೆ ಜಾಸ್ತಿ, ಅಗಲಕ್ಕೆ ಕಡಿಮೆ ಕುಗ್ಗುತ್ತಿದೆ. ಜೂನ್ ಮೊದಲು ಹೊಲಿಗೆ ಶುರು ಮಾಡಬೇಕು.