ಸಿಗ್ನಲ್ ಜಂಪ್ ತಡೆಯಲು ಮೊದಲು ಕ್ಯಾಮೆರಾನೋ, ಹಳದಿ ದೀಪದ ಸಮಯಾನೋ?

ದಾರಿಹೋಕ
ನಾಲ್ಕು ರಸ್ತೆ ಕೂಡುವ ಜಂಕ್ಷನ್. ವೇಗದ ಮಿತಿ ಗಂಟೆಗೆ 60 ಕಿ.ಮೀ. ಹಳದಿ ದೀಪ 3 ಸೆಕೆಂಡ್, ಅದು ಮುಗಿದ ಕೂಡಲೇ ಅಡ್ಡ ರಸ್ತೆಗೆ ಹಸಿರು. ಕೆಂಪು ಬಿದ್ದ ಮೇಲೂ ನುಗ್ಗುವವರು ಜಾಸ್ತಿ, ಪಕ್ಕಕ್ಕೆ ಗುದ್ದುವ ಅಪಘಾತ ಪದೇ ಪದೇ ಆಗ್ತಿದೆ. ಕ್ಯಾಮೆರಾ ಹಾಕಿ ಅಂತ ಒತ್ತಾಯ ಇದೆ. ಹಾಕಿದರೆ ಹಿಂದಿನಿಂದ ಗುದ್ದುವುದು ಹೆಚ್ಚುತ್ತೆ ಅನ್ನೋರೂ ಇದ್ದಾರೆ. ಮೊದಲು ಏನನ್ನು ಸರಿಮಾಡಬೇಕು? ಕ್ಯಾಮೆರಾ ಅಮಾಯಕರನ್ನು ಹಿಡಿಯುವ ಸಾಧ್ಯತೆ ಎಷ್ಟು?

ಲೆಕ್ಕದವ
ಮೊದಲು ಹಳದಿ. ನೀವು ಕೊಟ್ಟ ಅಂಕಿಯಲ್ಲೇ ತಪ್ಪು ಕಾಣುತ್ತಿದೆ.

60 ಕಿ.ಮೀ. ಅಂದರೆ ಸೆಕೆಂಡಿಗೆ 16.7 ಮೀಟರ್. ದೀಪ ಬದಲಾದದ್ದು ಕಂಡು ಕಾಲು ಬ್ರೇಕಿಗೆ ಹೋಗಲು 1 ಸೆಕೆಂಡ್ ಇಟ್ಟುಕೊಳ್ಳಿ. ಗಾಬರಿಯಿಲ್ಲದೆ ಬ್ರೇಕ್ ಹಾಕಿದರೆ ಒಂದೊಂದು ಸೆಕೆಂಡ್ ಕಳೆದಂತೆ ವೇಗ ಸೆಕೆಂಡಿಗೆ ಸುಮಾರು 3 ಮೀಟರಿನಷ್ಟು ಇಳಿಯುತ್ತೆ. ಗಾಡಿ ನಿಲ್ಲಲು ಒಟ್ಟು 63 ಮೀಟರ್ ಬೇಕು. ಆದರೆ 3 ಸೆಕೆಂಡಿನಲ್ಲಿ ಅದೇ ವೇಗದಲ್ಲಿ ಮುಂದೆ ಹೋಗಬಹುದಾದದ್ದು 50 ಮೀಟರ್ ಮಾತ್ರ. ಹಳದಿ ಬಿದ್ದಾಗ ಸ್ಟಾಪ್ ಲೈನಿಗೆ 50ರಿಂದ 63 ಮೀಟರ್ ದೂರದಲ್ಲಿರುವ ಚಾಲಕ ನೆಮ್ಮದಿಯಾಗಿ ನಿಲ್ಲಿಸಲೂ ಆರ, ಕೆಂಪು ಬೀಳುವ ಮುಂಚೆ ಗೆರೆ ದಾಟಲೂ ಆರ. ನಿಯಮ ಪಾಲಿಸುವವನನ್ನೂ ಆ 13 ಮೀಟರ್ ತಪ್ಪಿತಸ್ಥನನ್ನಾಗಿ ಮಾಡುತ್ತೆ. ಅಲ್ಲಿ ಕ್ಯಾಮೆರಾ ಹಾಕುವುದು ಅನ್ಯಾಯ.

ಹಳದಿ ಎಷ್ಟಿರಬೇಕು ಅನ್ನುವ ಸೂತ್ರ ಸರಳ: ವೇಗವನ್ನು 6ರಿಂದ ಭಾಗಿಸಿ 1 ಕೂಡಿಸಿ (ವೇಗ ಸೆಕೆಂಡಿಗೆ ಇಷ್ಟು ಮೀಟರ್ ಅಂತ ಇರಬೇಕು). 60 ಕಿ.ಮೀ.ಗೆ 3.8 ಸೆಕೆಂಡ್ ಬರುತ್ತೆ. ರಸ್ತೆ 100 ಮೀಟರಿಗೆ 3 ಮೀಟರ್ ಇಳಿಜಾರಿದ್ದರೆ 4.1 ಬೇಕು. ಜನ ಮಿತಿಗಿಂತ ವೇಗವಾಗಿ ಓಡಿಸುತ್ತಿದ್ದರೆ ಅಲ್ಲಿ ಅಳೆದ ವೇಗವನ್ನೇ ಹಾಕಿ ನೋಡಿ. ಹಾಗಂತ 6 ಸೆಕೆಂಡಿಗೆ ಎಳೆಯಬೇಡಿ, ಜನ ಹಳದಿಯನ್ನೂ ಹಸಿರಿನ ಬಾಲ ಅಂತಲೇ ನೋಡತೊಡಗುತ್ತಾರೆ.

ಇನ್ನೊಂದು: ಎಲ್ಲ ಕಡೆಯೂ ಕೆಂಪು ಇರುವ ಗಳಿಗೆ ನಿಮ್ಮಲ್ಲಿ ಇಲ್ಲವೇ ಇಲ್ಲ. ಸ್ಟಾಪ್ ಲೈನಿನಿಂದ ಆಚೆ ಅಂಚಿನವರೆಗೆ 24 ಮೀಟರ್, ಗಾಡಿಯ ಉದ್ದ 6 ಮೀಟರ್ ಅಂತ ಹಿಡಿದರೂ ಜಂಕ್ಷನ್ ಖಾಲಿಯಾಗಲು 1.8 ಸೆಕೆಂಡ್ ಬೇಕು. ಹಳದಿಯ ಕೊನೆಯಲ್ಲಿ ಸರಿಯಾಗಿಯೇ ದಾಟಿದವನಿಗೂ ಅಡ್ಡದಿಂದ ಹೊರಟವನು ಗುದ್ದುತ್ತಾನೆ. ಕ್ಯಾಮೆರಾ ಇದನ್ನು ತಡೆಯಲಾರದು. ದೀಪಗಳ ಸಮಯ ನಡೆಸುವ ಕಂಟ್ರೋಲರ್‌ನಲ್ಲಿ ಇವೆರಡು ಅಂಕಿ ತಿದ್ದುವುದು ಮೊದಲ ಕೆಲಸ.

ಲೂಪ್ ತಂತಿ
ಮೇಲಿನದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಕ್ಯಾಮೆರಾ ಹಿಡಿಯುವ ಬಗೆ ಹೇಳ್ತೀನಿ.

ಪ್ರತಿ ಲೇನಿನಲ್ಲಿ ಸ್ಟಾಪ್ ಲೈನ್ ಹತ್ತಿರ ರಸ್ತೆ ಕೊರೆದು, ಒಂದರ ಹಿಂದೆ ಒಂದು ಎರಡು ತಂತಿ ಸುರುಳಿ (ಲೂಪ್) ಹೂಳುತ್ತಾರೆ. ಮೇಲೆ ಲೋಹ ಬಂದರೆ ಸುರುಳಿಯ ಇಂಡಕ್ಟನ್ಸ್ ಅನ್ನುವ ವಿದ್ಯುತ್ ಗುಣ ಬದಲಾಗುತ್ತೆ, ಅದರಿಂದ ಗಾಡಿ ಬಂದದ್ದು ಗೊತ್ತಾಗುತ್ತೆ. ಮೊದಲನೆಯದರಿಂದ ಎರಡನೆಯದಕ್ಕೆ ಬರಲು ಹಿಡಿದ ಸಮಯದಿಂದ ವೇಗ ಸಿಗುತ್ತೆ. ರೇಡಾರ್ ಅಥವಾ ವಿಡಿಯೊದಿಂದಲೇ ಗುರುತಿಸುವ ವ್ಯವಸ್ಥೆಗಳೂ ಇವೆ. ಕೆಂಪು ದೀಪದ ಸಂಕೇತ ಕ್ಯಾಮೆರಾಗೆ ನೇರ ತಲುಪಿರುತ್ತೆ, ಕೆಂಪಾದ ಮೇಲೂ ಒಂದು ಸೆಕೆಂಡಿನ ಸಣ್ಣ ಪಾಲಿನಷ್ಟು ವಿನಾಯಿತಿ ಬಿಟ್ಟೇ ಹಿಡಿಯುವುದು ವಾಡಿಕೆ. ನಿಧಾನವಾಗಿ ಬಂದು ಗೆರೆ ದಾಟಿ ನಿಂತವನನ್ನು ಬಿಟ್ಟುಬಿಡಲು ಕನಿಷ್ಠ ವೇಗವನ್ನೂ ಗೊತ್ತುಮಾಡಿರುತ್ತಾರೆ.

ಚಿತ್ರ ಎರಡು ಬೇಕೇ ಬೇಕು. ಮೊದಲನೆಯದರಲ್ಲಿ ಮುಂದಿನ ಚಕ್ರ ಇನ್ನೂ ಗೆರೆಯ ಹಿಂದೆ, ಮೇಲೆ ಕೆಂಪು ಉರಿಯುತ್ತಿರಬೇಕು. ಎರಡನೆಯದರಲ್ಲಿ ಗಾಡಿ ಜಂಕ್ಷನ್ ನಡುವೆ. ಮೊದಲ ಚಿತ್ರದಲ್ಲೇ ಚಕ್ರ ಗೆರೆಯಾಚೆ ಇದ್ದರೆ ಅವನು ಹಳದಿಯಲ್ಲಿ ದಾಟಿರಬಹುದು, ಕೈಬಿಡಬೇಕು.

ತಪ್ಪು ಹುಡುಕಲು ಸುಲಭದ ದಾರಿ ಇದೆ. ಚಿತ್ರದ ಜೊತೆ ಬರುವ ಮಾಹಿತಿ ಪಟ್ಟಿಯಲ್ಲಿ ವೇಗ ಗಂಟೆಗೆ 52 ಕಿ.ಮೀ. ಅಂತಿದ್ದು, ಎರಡು ಚಿತ್ರಗಳ ಅಂತರ 1 ಸೆಕೆಂಡ್ ಇದ್ದರೆ, ಗಾಡಿ ಸುಮಾರು 14 ಮೀಟರ್ ಸರಿದಿರಬೇಕು. ರಸ್ತೆ ಮೇಲಿನ ಗುರುತುಗಳಿಂದ ಅಳೆಯಿರಿ. 8 ಮೀಟರ್ ಮಾತ್ರ ಸರಿದಿದ್ದರೆ ಒಂದೋ ಗಾಡಿ ಬ್ರೇಕ್ ಹಾಕಿದೆ, ಇಲ್ಲವೇ ಲೂಪ್ ಕೆಟ್ಟಿದೆ. ಕೊರೆದ ಸೀಳಿನ ಡಾಂಬರು ಭಾರದ ಗಾಡಿಗಳಿಗೆ ಬಿರಿದು, ನೀರಿಳಿದು, ತಂತಿಯ ಹೊದಿಕೆ ಹಾಳಾಗುವುದೇ ಸಾಮಾನ್ಯ ರೋಗ. ಲೇನಿನ ಅಂಚಲ್ಲಿ ಹೋಗುವ ಬೈಕು ಲೂಪಿಗೆ ಸಿಗದೆ ತಪ್ಪಿಸಿಕೊಳ್ಳುವುದೂ ಉಂಟು. ಆಂಬುಲೆನ್ಸಿಗೆ ದಾರಿ ಬಿಡಲು ಮುಂದೆ ಬಂದವರು, ಪೊಲೀಸ್ ಕೈ ತೋರಿಸಿದ್ದಕ್ಕೆ ಹೋದವರು ಯಂತ್ರಕ್ಕೆ ಗೊತ್ತಾಗಲ್ಲ. ಅದಕ್ಕೇ ಮನುಷ್ಯನ ಕಣ್ಣು ದಾಟದೆ ಒಂದು ನೋಟಿಸೂ ಹೋಗಕೂಡದು.

ದಾರಿಹೋಕ
ಇಷ್ಟು ವಿವರಕ್ಕೆ ಇಬ್ಬರಿಗೂ ಧನ್ಯವಾದ. ಹಳದಿ ಸರಿಮಾಡಿದರೆ ಕ್ಯಾಮೆರಾನೇ ಬೇಡ ಅಂತೀರಾ? ಹಿಂದಿನಿಂದ ಗುದ್ದುವುದರ ಕತೆ ಏನು?

ಅಡ್ಡರಸ್ತೆ
ಬೇಕು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹಳದಿಯನ್ನು ಸುಮಾರು 1 ಸೆಕೆಂಡ್ ಹೆಚ್ಚಿಸಿದಾಗ ಸಿಗ್ನಲ್ ಜಂಪ್ 36% ಇಳಿಯಿತು. ಆಮೇಲೆ ಕ್ಯಾಮೆರಾ ಬಂದ ಮೇಲೆ ಉಳಿದದ್ದರಲ್ಲಿ 96% ಇಳಿಯಿತು. ಹಳದಿ ತಿದ್ದಿದರೆ ಅರೆಮನಸ್ಸಿನವರು ನಿಲ್ಲುತ್ತಾರೆ. ಕೆಂಪು ಬಿದ್ದು ಮೂರ್ನಾಲ್ಕು ಸೆಕೆಂಡ್ ಆದ ಮೇಲೂ ನುಗ್ಗುವವನಿಗೆ ಹಳದಿ ಎಷ್ಟಿದ್ದರೇನು? ಅವನೇ ಅಪಾಯಕಾರಿ, ಯಾಕಂದರೆ ಅಷ್ಟು ಹೊತ್ತಿಗೆ ಅಡ್ಡ ರಸ್ತೆಯವರು ಹೊರಟಿರುತ್ತಾರೆ, ಕಾಲ್ನಡಿಗೆಯವರು ಇಳಿದಿರುತ್ತಾರೆ. ದಂಡದ ಭಯ ಬೇಕಾದದ್ದು ಅಲ್ಲಿ. ಆದರೆ ಫೋನ್ ನೋಡುತ್ತಾ ದೀಪವನ್ನೇ ಕಾಣದವನನ್ನು ಕ್ಯಾಮೆರಾವೂ ಆ ಕ್ಷಣದಲ್ಲಿ ನಿಲ್ಲಿಸಲ್ಲ.

ಹಿಂದಿನಿಂದ ಗುದ್ದುವುದು ಹೆಚ್ಚುವುದು ನಿಜ, ಮುಚ್ಚಿಡಬೇಕಿಲ್ಲ. ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತ 2005ರಲ್ಲಿ ಪ್ರಕಟಿಸಿದ, 132 ಜಂಕ್ಷನ್‌ಗಳ ಅಧ್ಯಯನದಲ್ಲಿ ಅಡ್ಡಕ್ಕೆ ಗುದ್ದುವುದು ಸುಮಾರು 25% ಇಳಿದಿತ್ತು, ಹಿಂದಿನಿಂದ ಗುದ್ದುವುದು ಸುಮಾರು 15% ಏರಿತ್ತು. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮುಂದೆ ಬಾನೆಟ್ಟು, ಹಿಂದೆ ಸಾಮಾನು ಇಡುವ ಡಿಕ್ಕಿ ನುಗ್ಗಾಗಿ ಪೆಟ್ಟನ್ನು ನುಂಗುತ್ತವೆ. ಪಕ್ಕದಲ್ಲಿ ನಿಮ್ಮ ಭುಜಕ್ಕೂ ಬಾಗಿಲಿಗೂ ನಡುವೆ ಇರುವುದು ಒಂದು ಗೇಣಿಗಿಂತ ಕಮ್ಮಿ ಜಾಗ, ಆಮೇಲೆ ಒಂದು ತಗಡು, ಒಂದು ಗಾಜು. ಬೈಕಿನವನಿಗೆ ಅದೂ ಇಲ್ಲ.

ಕ್ಯಾಮೆರಾ ಹಾಕುವುದಾದರೆ ಮೊದಲು, ಗಾಡಿ ನಿಲ್ಲಲು ಬೇಕಾದ ದೂರಕ್ಕಿಂತ ಸಾಕಷ್ಟು ಹಿಂದೆ, ಅಂದರೆ ನಿಮ್ಮಲ್ಲಿ 63 ಮೀಟರಿಗಿಂತ ಆಚೆ, ಕ್ಯಾಮೆರಾ ಇದೆ ಅನ್ನುವ ಫಲಕ ಇರಲಿ. ಕಂಬದ ಪಕ್ಕದಲ್ಲೇ ಫಲಕ ನೆಟ್ಟರೆ ಕಂಡವನು ಗಕ್ಕನೆ ಬ್ರೇಕ್ ತುಳಿಯುತ್ತಾನೆ. ಸ್ಟಾಪ್ ಲೈನಿಗೆ ಹೊಸ ಬಣ್ಣ ಬಳಿಯಿರಿ, ದೀಪಕ್ಕೆ ಅಡ್ಡ ಬಂದ ಕೊಂಬೆ ಕಡಿಸಿ. ನಾಲ್ಕೂ ದಿಕ್ಕಿಗೆ ಒಟ್ಟಿಗೆ ಹಾಕುವ ಅಗತ್ಯ ಇಲ್ಲ. ಅಪಘಾತದ ದಾಖಲೆ ತೆಗೆದು, ಗುದ್ದಿದ ಗಾಡಿ ಯಾವ ರಸ್ತೆಯಿಂದ ಬಂದಿತ್ತು ಅಂತ ನಕ್ಷೆಯ ಮೇಲೆ ಬಾಣ ಹಾಕುತ್ತಾ ಹೋಗಿ. ಬಾಣಗಳು ಯಾವ ಕಡೆಯಿಂದ ಜಾಸ್ತಿ ಬಂದಿವೆಯೋ ಆ ರಸ್ತೆಗೆ ಮೊದಲ ಕ್ಯಾಮೆರಾ.